ಸತ್ತವನ ಕಂತು

ಮಂಜಮ್ಮನ ಬಾಯಿ ಎಂಥದ್ದು ಅಂತ ಉಚ್ಚಂಗಿದುರ್ಗದ ದಾರಿಯ ಆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಅತ್ತ ಇತ್ತ ನೋಡಿ, ಮೆಲ್ಲಗೆ ಹೇಳುತ್ತಾರೆ. ಮನಸ್ಸು ಕೆಟ್ಟದ್ದೇನಲ್ಲ. ಬಾಣಂತಿಗೆ ಕಷಾಯ ಬೇಕೆಂದರೆ, ಸಾವಾದ ಮನೆಗೆ ಅನ್ನ ಹೋಗಬೇಕೆಂದರೆ ಮೊದಲು ಓಡುವವಳು ಅವಳೇ. ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಮಾತ್ರ ಅವಳ ಕೈಲಾಗದ ಕೆಲಸ. ಅಂಥವಳು ಅವತ್ತು ಹರಪನಹಳ್ಳಿಯ ಬ್ಯಾಂಕಿನಿಂದ ಹೊರಬಿದ್ದವಳು ಊರು ಮುಟ್ಟುವವರೆಗೆ ತುಟಿ ಪಿಟಕ್ಕೆನ್ನಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೇ ಕೂತಿದ್ದ ಗಂಡ ಬೀರಲಿಂಗೇಶನಿಗೆ ಬೈಸಿಕೊಳ್ಳುವುದಕ್ಕಿಂತ ಅದೇ ಹೆಚ್ಚು ಹೆದರಿಕೆಯಾಯಿತು.

ಬ್ಯಾಂಕಿನಲ್ಲಿ ಆದದ್ದು ಇಷ್ಟು. ಊರವರ ಕುರಿಗಳನ್ನು ಸಂತೆಗೆ ಸಾಗಿಸಲು ಬೀರಲಿಂಗೇಶ ವಾರವಾರ ಬಾಡಿಗೆ ಗಾಡಿ ಹಿಡಿಯುತ್ತಿದ್ದ. ಬಂದ ಲಾಭವೆಲ್ಲ ಗಾಡಿಯವನ ಜೇಬಿಗೇ ಹೋಗುತ್ತದೆ ಅಂತ ಲೆಕ್ಕ ಹಾಕಿದವಳು ಮಂಜಮ್ಮ. ಕೊಟ್ಟೂರಿನ ಅರುಣಕುಮಾರ್ ಅನ್ನುವವರ ಹಳೆಯ ಗೂಡ್ಸ್ ಗಾಡಿಗೆ ನಲವತ್ತು ಸಾವಿರ ಮುಂಗಡ ಕೊಡಿಸಿದವಳೂ ಅವಳೇ. ಕಂಡವರ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬಿ, ಮಳೆ ಚಳಿ ಎನ್ನದೆ ಬಯಲಲ್ಲಿ ಮಲಗಿ ಕೂಡಿಟ್ಟ ದುಡ್ಡು ಅದು. ಎರಡು ತಿಂಗಳಲ್ಲಿ ಉಳಿದದ್ದನ್ನು ಕೊಡದಿದ್ದರೆ ಗಾಡಿಯೂ ಇಲ್ಲ, ಮುಂಗಡವೂ ಇಲ್ಲ ಎಂದು ಮಾತಾಗಿತ್ತು. ಉಳಿದದ್ದಕ್ಕೆ ಬ್ಯಾಂಕಿನ ಸಾಲವೇ ಗತಿ. ಮ್ಯಾನೇಜರು ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿ ಹುಬ್ಬು ಗಂಟಿಕ್ಕಿದರು. ಸ್ಕೋರು ಬಿದ್ದುಹೋಗಿದೆ, ಯಾವುದೋ ಫೈನಾನ್ಸ್ ಕಂಪನಿಯ ಬಾಕಿ ಇದೆ, ಅದನ್ನು ಸರಿಮಾಡಿಕೊಂಡು ಬನ್ನಿ ಅಂದು ಅರ್ಜಿ ವಾಪಸು ಕೊಟ್ಟರು.

ಮನೆ ಬಾಗಿಲು ಮುಂದಕ್ಕೆಳೆದದ್ದೇ ತಡ, ಮಂಜಮ್ಮನ ಬಾಯಿ ಬಿಚ್ಚಿತು.

“ಯಾರಿಗಿ ಕೊಟ್ಟಿ ಹೇಳು ರೊಕ್ಕ?”

“ಬೀರಪ್ಪನ ಆಣಿ, ನಾ ಒಂದು ರೂಪಾಯಿ ತಗಂಡಿಲ್ಲ.”

“ದೇವರನ್ನ ಯಾಕ ನಡುವ ತರ್ತಿ? ಬ್ಯಾಂಕಿನ್ಯಾರಿಗೆ ನಿನ್ನ ಮ್ಯಾಲ ಏನು ಹಗೆತನ? ಕುರಿ ಹಿಂದ ತಿಂಗಳಗಟ್ಟಲೆ ಹೋಗ್ತಿದ್ದೆಲ್ಲ, ಎಲ್ಲಿ ಏನು ಸಂಸಾರ ಹೂಡಿದಿ?”

“ಮೆಲ್ಲಗ ಮಾತಾಡು. ಅತ್ತಿಗಿಗೆ ಕೇಳಸ್ತೈತಿ.”

ನಡುಗೋಡೆಯ ಆಚೆ ರೋಜಾ ಇದ್ದಳು. ಬೀರಲಿಂಗೇಶನ ದೊಡ್ಡಪ್ಪನ ಸೊಸೆ, ಮಂಜಮ್ಮನಿಗೆ ನೆಗೆಣ್ಣಿ. ಮಗಳನ್ನು ಹಡಗಲಿಯ ಹಾಸ್ಟೆಲಿಗೆ ಹಾಕಿ ಒಬ್ಬಳೇ ಇರುತ್ತಿದ್ದಳು. ಗಂಡ ಸತ್ತು ಎರಡು ವರ್ಷ. ಗಂಡನ ಸಾವು ಕಂಡವಳ ಕಿವಿಗೆ ಇನ್ನೊಬ್ಬರ ಗಂಡ ಹೆಂಡಿರ ಜಗಳ ಬೀಳಬಾರದು ಎಂಬ ತಿಳಿವಳಿಕೆ ಮಂಜಮ್ಮನಿಗೂ ಇತ್ತು. ಅದಕ್ಕೇ ದನಿ ತಗ್ಗಿಸಿದಳು, ಮಾತು ತಗ್ಗಿಸಲಿಲ್ಲ.

ಮೂರನೆಯ ದಿನ ಬೀರಲಿಂಗೇಶನೇ ಬೇಸತ್ತು, “ನಡಿ, ಆ ರಿಪೋರ್ಟು ಏನಂತ ತಗಿಸೋಣ. ನಾ ಸುಳ್ಳಾದ್ರ ಅಲ್ಲೇ ಎಕ್ಕಡದಾಗ ಹೊಡಿ,” ಅಂದ.

ಹರಪನಹಳ್ಳಿಯ ಬಸ್ ನಿಲ್ದಾಣದ ಎದುರು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದ ಸುಕನ್ಯಾಗೆ ಇದು ಹೊಸದೇನಲ್ಲ. ಪ್ಯಾನ್ ನಂಬರು ಹಾಕಿ, ಬೀರಲಿಂಗೇಶನ ಫೋನಿಗೆ ಬಂದ ಓಟಿಪಿ ಕೇಳಿ, ಆರೇಳು ಹಾಳೆ ಪ್ರಿಂಟ್ ತೆಗೆದಳು.

“ಇದು ಕ್ರೆಡಿಟ್ ರಿಪೋರ್ಟ್ ನೋಡ್ರಿ ಅಣ್ಣಾರ. ನೀವು ಸಾಲ ತಗಂಡಿದ್ದು, ಕಟ್ಟಿದ್ದು, ತಪ್ಪಿಸಿದ್ದು ಎಲ್ಲಾ ಇದರಾಗ ಇರತೈತಿ. ಮ್ಯಾಲಿನ ಸ್ಕೋರು ನೋಡಿ ಎಲ್ಲರೂ ಗಾಬರಿ ಆಗ್ತಾರ. ಅದನ್ನ ಕಡೀಗೆ ನೋಡ್ರಿ. ಮೊದಲು ನೋಡಬೇಕಾಗಿದ್ದು ಹೆಸರು, ಫೋನು, ವಿಳಾಸ. ಈ ಎರಡೂ ಫೋನ್ ನಂಬರು ನಿಮ್ಮವೇನು?”

ಒಂದು ಅವನದೇ. ಇನ್ನೊಂದನ್ನು ಬೀರಲಿಂಗೇಶ ಬಾಯಲ್ಲೇ ಎರಡು ಸಲ ಹೇಳಿಕೊಂಡ. ಮುಖ ಬಿಳುಪೇರಿತು. ಹೆಂಡತಿಗೆ ಅದು ಕಳ್ಳ ಸಿಕ್ಕಿಬಿದ್ದ ಗುರುತಿನಂತೆಯೇ ಕಂಡಿತು. ಸೆರಗು ಬಿಗಿದು ಸಜ್ಜಾದಳು.

“ಇಲ್ಲಿ ಸಾಲದ ವಿವರ ಐತಿ,” ಸುಕನ್ಯಾ ಹಾಳೆ ತಿರುವಿದಳು. “ಒಂದು ಬೆಳೆಸಾಲ, ಸರಿ ಐತಿ, ಮುಗದೈತಿ. ಇದು ನೋಡ್ರಿ, ದಾವಣಗೆರೆ ಫೈನಾನ್ಸಿಂದು. ಬೈಕಿನ ಸಾಲ.”

“ಬೈಕಾ?” ಮಂಜಮ್ಮ ಬಾಯಿ ತೆರೆದವಳು ಹಾಗೇ ನಿಂತಳು. ಅವರ ಮನೆಯಲ್ಲಿ ಬೈಕೇ ಇರಲಿಲ್ಲ. ಗಂಡನಿಗೆ ಬೈಕು ಹೊಡೆಯಲೂ ಬರುತ್ತಿರಲಿಲ್ಲ. ಅವನು ಇವತ್ತಿಗೂ ಕುರಿ ಹಿಂದೆ ನಡೆಯುವವನು, ಇಲ್ಲವೇ ಬಸ್ಸು ಹತ್ತುವವನು.

“ಅಣ್ಣನ ಗಾಡಿ,” ಅಂದ ಬೀರಲಿಂಗೇಶ, ತನ್ನಷ್ಟಕ್ಕೆ ಎಂಬಂತೆ. “ಆ ನಂಬರು ಅಣ್ಣಂದು.”

ಇದನ್ನು ಸುಕನ್ಯಾಗೆ ತಿಳಿಸಿ ಹೇಳುವುದೇ ಒಂದು ಕಥೆಯಾಯಿತು. ಅವರ ಮನೆತನದಲ್ಲಿ ಚೊಚ್ಚಲು ಗಂಡು ಹುಟ್ಟಿದರೆ ಮನೆದೇವರ ಹೆಸರು ಬಿಟ್ಟು ಬೇರೆ ಇಡುವಂತಿಲ್ಲ. ಬೀರಲಿಂಗೇಶನ ದೊಡ್ಡಪ್ಪ, ಅಪ್ಪ ಇಬ್ಬರಿಗೂ ಒಂದೇ ವರ್ಷ ಗಂಡು ಹುಟ್ಟಿದವು. ಎರಡೂ ಬೀರಲಿಂಗೇಶ್ ಆದವು. ಮನೆಯಲ್ಲಿ ರೋಜಾಳ ಗಂಡನನ್ನು ದೊಡ್ಡ ಬೀರ, ಮಂಜಮ್ಮನ ಗಂಡನನ್ನು ಸಣ್ಣ ಬೀರ ಅಂತ ಕರೆದರು, ಅಲ್ಲಿಗೆ ಮುಗಿಯಿತು. ಅಜ್ಜ ಇಬ್ಬರನ್ನೂ ಒಂದೇ ದಿನ ಶಾಲೆಗೆ ಕರೆದುಕೊಂಡು ಹೋದ. ಹುಟ್ಟಿದ ತಾರೀಖು ಕೇಳಿದ ಮೇಷ್ಟ್ರಿಗೆ, ಒಬ್ಬ ಸಜ್ಜೆ ಕೊಯ್ಯುವಾಗ, ಇನ್ನೊಬ್ಬ ಕುರಿ ಉಣ್ಣೆ ಕತ್ತರಿಸುವಾಗ ಅಂದ. ಮೇಷ್ಟ್ರು ಊರಿನ ಎಲ್ಲ ಮಕ್ಕಳಿಗೂ ಬರೆದಂತೆ ಇಬ್ಬರಿಗೂ ಜೂನ್ ಒಂದು ಅಂತ ಬರೆದು ಕೈ ತೊಳೆದುಕೊಂಡರು. ಇಷ್ಟು ವರ್ಷ ಇದರಿಂದ ಯಾರಿಗೂ ಏನೂ ಆಗಿರಲಿಲ್ಲ. ರೇಷನ್ ಅಂಗಡಿಯವನು ಮುಖ ನೋಡಿ ಅಕ್ಕಿ ಕೊಡುತ್ತಿದ್ದ.

“ಕಂಪ್ಯೂಟರಿಗೆ ಮುಖ ಎಲ್ಲಿ ಗೊತ್ತಾಕೈತ್ರಿ?” ಅಂದಳು ಸುಕನ್ಯಾ. “ಹೆಸರು, ತಾರೀಖು, ಊರು ಎಲ್ಲಾ ಒಂದ. ಅವರು ಸಾಲಕ್ಕ ಪ್ಯಾನ್ ಕೊಟ್ಟಿರಂಗಿಲ್ಲ. ಇಬ್ಬರನ್ನೂ ಕೂಡಿಸಿ ಒಬ್ಬನ್ನ ಮಾಡೈತಿ. ಈಗ ಆ ಅಣ್ಣಾರನ್ನ ಕರಕಂಡು ಬರ್ರಿ, ಸರಿ ಮಾಡಸೋಣ.”

“ಆತ ಸತ್ತಾನ,” ಅಂದ ಸಣ್ಣ ಬೀರ. “ಆ ಗಾಡಿ ಮ್ಯಾಲೇ ಸತ್ತ. ಬಾಗಳಿ ಕಡೆಯಿಂದ ಬರೋವಾಗ, ಲಾರಿಗಿ ಸಿಕ್ಕು.”

ಸುಕನ್ಯಾ ಕಾಗದವನ್ನು ಕಣ್ಣ ಹತ್ತಿರ ತಂದು, “ಸತ್ತು ಎಷ್ಟು ದಿನ ಆತ್ರಿ?” ಅಂತ ಕೇಳಿದಳು. ಎರಡು ವರ್ಷದ ಹಿಂದೆ, ಯುಗಾದಿ ಮುಂದೆ ಅಂದಾಗ ಅವಳ ಬೆರಳು ಹಾಳೆಯ ಮೇಲೆ ಸಣ್ಣ ಸಣ್ಣ ಚೌಕಗಳ ಸಾಲಿನಲ್ಲಿ ನಿಂತಿತು. ತಿಂಗಳಿಗೊಂದು ಚೌಕ. ಕಂತು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಸೊನ್ನೆ, ತಡವಾಗಿದ್ದರೆ ಎಷ್ಟು ದಿನ ತಡವೋ ಅಷ್ಟು.

“ಯುಗಾದಿತನಕ ಎಲ್ಲಾ ಸೊನ್ನಿ. ಆಮ್ಯಾಲ ಮೂವತ್ತು, ಅರವತ್ತು, ತೊಂಬತ್ತು ಹತ್ತಿರ ಬಂದೈತಿ. ಅದು ಸರಿ. ಆದ್ರ ಜುಲೈದಾಗ ಮತ್ತ ಸೊನ್ನಿ. ಮತ್ತ ಏರೈತಿ, ಡಿಸೆಂಬರಿನಾಗ ಮತ್ತ ಸೊನ್ನಿ. ಆ ಮ್ಯಾಲೂ ಹಂಗ ಏರೋದು, ಇಳಿಯೋದು. ಹೋದ ತಿಂಗಳ ಕಂತೂ ಬಂದೈತಿ ತಡವಾಗಿ. ಸತ್ತ ಮ್ಯಾಲ ಯಾರು ಕಟ್ಟತಾರ್ರಿ ಇದನ್ನ?”

ಬೀರಲಿಂಗೇಶನಿಗೆ ಏನೂ ಹೊಳೆಯಲಿಲ್ಲ. ಗಂಡಸರಿಗೆ ಹೊಳೆಯುವಂಥದ್ದೂ ಅಲ್ಲ ಅದು. ಆದರೆ ಮಂಜಮ್ಮ ಬೆರಳು ಮಡಿಚಿ ತಿಂಗಳು ಎಣಿಸಿದಳು. ಜುಲೈ ಅಂದರೆ ಮೆಕ್ಕೆಜೋಳಕ್ಕೆ ಎಡೆ ಹೊಡೆಯುವ ಕಾಲ. ಆಗಲೇ ರೋಜಾಳ ಕಿವಿಯ ಬಂಗಾರದ ಓಲೆ ಹೊಲದಲ್ಲಿ ಬಿದ್ದುಹೋಗಿದ್ದವಂತೆ, ಎರಡೂ. ಮಂಜಮ್ಮನೇ ಸಾಲು ಸಾಲು ಮಣ್ಣು ಕೆದರಿ ಹುಡುಕಿ, ಎರಡೂ ಒಮ್ಮೆಗೇ ಹೆಂಗ ಬಿದ್ದಾವು, ಮೈಮ್ಯಾಲ ಎಚ್ಚರ ಇಲ್ಲೇನು ಅಂತ ಬೈದಿದ್ದಳು. ಡಿಸೆಂಬರಿನಲ್ಲಿ ರೋಜಾ ಜೋಳ ಒಣಗುವ ಮೊದಲೇ ಸಿಕ್ಕ ದರಕ್ಕೆ ಮಾರಿದಳು. ಹದಿನೈದು ದಿನ ತಡೆದಿದ್ದರೆ ಕ್ವಿಂಟಲಿಗೆ ಇನ್ನೂರು ಹೆಚ್ಚಿಗೆ ಸಿಗುತ್ತಿತ್ತು. ಆಗಲೂ ಮಂಜಮ್ಮ ನಾಲ್ಕು ಜನರ ಮುಂದೆ, ಗಂಡಸಿಲ್ಲದ ಮನಿ ವ್ಯವಹಾರ ಹಿಂಗ ನೋಡು ಅಂದಿದ್ದಳು. ಸತ್ತವನ ಫೋನಿಗೆ ರೋಜಾ ಈಗಲೂ ದುಡ್ಡು ಹಾಕಿಸುತ್ತಿದ್ದಳು. ಫೋನು ಬಡಿದುಕೊಂಡರೆ ಹಿತ್ತಲಿಗೆ ಓಡುತ್ತಿದ್ದಳು. ಅದಕ್ಕೂ ಮಂಜಮ್ಮನ ಹತ್ತಿರ ಒಂದು ಮಾತಿತ್ತು. ಅದನ್ನು ಈಗ ನೆನೆದುಕೊಳ್ಳಲೂ ಅವಳಿಗೆ ಮನಸ್ಸಾಗಲಿಲ್ಲ.

ದೊಡ್ಡ ಬೀರ ಆ ಬೈಕು ತಂದ ದಿನ ಊರಿಗೆಲ್ಲ ಪೇಡೆ ಹಂಚಿದ್ದ. ಟಗರು ಮಾರಿ ಕೈಯಾಗ ರೊಕ್ಕ ಎಣಿಸಿ ತಂದೀನಿ, ನಮ್ಮ ಮನಿತನದಾಗ ಸಾಲದ ಗಾಡಿ ಹತ್ತೋರಿಲ್ಲ ಅಂದಿದ್ದ. ಆ ಮಾತು ಕೇಳಿ ಮಂಜಮ್ಮ ತನ್ನ ಗಂಡನನ್ನು ಮೂರು ದಿನ ಹಂಗಿಸಿದ್ದಳು.

“ರೋಜಕ್ಕ ಕಟ್ಟತಾಳ,” ಅಂದಳು.

ಸುಕನ್ಯಾ ಹಾಳೆಯ ಇನ್ನೊಂದು ಮೂಲೆ ತೋರಿಸಿದಳು. “ಅವರ್ಯಾಕ ಕಟ್ಟತಾರ್ರಿ? ಇಲ್ಲಿ ನೋಡ್ರಿ, ಸಾಲ ಒಬ್ಬರ ಹೆಸರಿಗೇ ಐತಿ. ಜೋಡಿ ಸಾಲಗಾರರಿಲ್ಲ, ಜಾಮೀನಿಲ್ಲ. ಅವರ ಸಹಿನೇ ಇಲ್ದಿದ್ದಕ್ಕ ಅವರನ್ನ ಕುತಿಗಿ ಹಿಡಿದು ಕೇಳಂಗಿಲ್ಲ. ಸತ್ತ ಸರ್ಟಿಫಿಕೇಟ್ ತಗಂಡು ಹೋಗಿ ಕಂಪನಿಗೆ ತಿಳಿಸಿದ್ರ ಸಾಕಿತ್ತು. ಸಾಲಕ್ಕ ವಿಮಾ ಇದ್ರ ಅದರಾಗ ತೀರೇ ಹೋಗ್ತಿತ್ತು.”

“ನಡಿ, ಇವತ್ತ ಹೋಗಿ ಅತ್ತಿಗಿಗೆ ಹೇಳೋಣ,” ಅಂತ ಬೀರಲಿಂಗೇಶ ಎದ್ದೇ ಬಿಟ್ಟ.

“ಕೂಡ್ರು,” ಅಂದಳು ಮಂಜಮ್ಮ. ಸುಕನ್ಯಾಳ ಕಡೆ ತಿರುಗಿ, “ನಮ್ಮದು ಸರಿ ಆಗಬೇಕಂದ್ರ ಏನು ಮಾಡಬೇಕವ್ವ?” ಅಂತ ಕೇಳಿದಳು.

ಈ ಸಾಲ ನನ್ನದಲ್ಲ ಅಂತ ಆಕ್ಷೇಪಣೆ ಹಾಕಬೇಕು. ಅವರು ಕಂಪನಿಯನ್ನು ಕೇಳಿ, ಕಾಗದಪತ್ರ ತಾಳೆ ನೋಡಿ, ಬೇರೆ ಮಾಡುತ್ತಾರೆ. ತಿಂಗಳು ಹಿಡಿಯಬಹುದು. ಇಷ್ಟನ್ನೂ ಹೇಳಿ ಸುಕನ್ಯಾ ಒಂದು ಮಾತು ಸೇರಿಸಿದಳು. “ಅಲ್ಲೀತನಕ ಆ ಸಾಲದ ಕಂತು ತಪ್ಪಿದ್ರ ಅದೂ ಅಣ್ಣಾರ ಲೆಕ್ಕಕ್ಕ ಬೀಳತೈತಿ. ಸ್ಕೋರು ಇನ್ನಾ ಇಳೀತೈತಿ.”

ಆಕ್ಷೇಪಣೆ ಹಾಕಿಸಿ ಹೊರಗೆ ಬಂದಾಗ ಬೀರಲಿಂಗೇಶ ಹೆಂಡತಿಯ ಮುಖ ನೋಡಿದ. ಅಲ್ಲಿ ಏನು ನಡೆಯುತ್ತಿದೆ ಅಂತ ಅವನಿಗೆ ತಿಳಿಯಿತು. ಹದಿನಾಲ್ಕು ವರ್ಷ ಬಾಳಿದವನು.

“ಅತ್ತಿಗಿಗೆ ಇವತ್ತ ಹೇಳಬೇಕು ಮಂಜಿ.”

“ಹೇಳೋಣ. ಇದು ಒಂದು ಸರಿಯಾಗಲಿ.”

“ಅಲ್ಲೀತನಕ ಆಕಿ ಕಟ್ಟಬೇಕೇನು?”

“ಎರಡು ವರ್ಷ ಕಟ್ಯಾಳ, ಇನ್ನೊಂದು ತಿಂಗಳು. ಹೇಳಿದ್ರ ಕಟ್ಟೋದು ಬಿಡತಾಳ. ಬಿಟ್ರ ನಿನ್ನ ಹೆಸರು ಇನ್ನಾ ಹಾಳಾಕೈತಿ. ನಲವತ್ತು ಸಾವಿರ ನಿಮ್ಮಪ್ಪ ಕೊಡತಾನೇನು? ಆಮ್ಯಾಲ ನಾನ ಕುಂತು ಎಲ್ಲಾ ಹೇಳತೀನಿ. ಆಕಿ ಕಳಕಂಡಿದ್ದನ್ನ ಗಾಡಿ ದುಡಿದ ಮ್ಯಾಲ ತುಂಬಿ ಕೊಡೋಣಂತ.”

ತುಂಬಿ ಕೊಡುವ ಮಾತು ಬಾಯಿಂದ ಬಂದದ್ದೇ ಅವಳಿಗೆ ಸಮಾಧಾನವಾಯಿತು. ತಾನೇನು ಮೋಸ ಮಾಡುತ್ತಿಲ್ಲ, ಸ್ವಲ್ಪ ತಡ ಮಾಡುತ್ತಿದ್ದೇನೆ ಅಷ್ಟೇ ಅನ್ನಿಸಿತು. ಮನುಷ್ಯರಿಗೆ ಇಂಥ ಸಮಾಧಾನ ಬಲು ಸುಲಭಕ್ಕೆ ಸಿಗುತ್ತದೆ.

ರೋಜಾಳಿಗೆ ಉಳಿದದ್ದು ಹನ್ನೊಂದು ಕುರಿ. ಬೀರಲಿಂಗೇಶ ತನ್ನ ಹಿಂಡಿನ ಜೊತೆಗೇ ಅವನ್ನೂ ಮೇಯಿಸುತ್ತಿದ್ದ. ಹತ್ತು ದಿನ ಕಳೆದಿರಬೇಕು, ಹೊತ್ತು ಮುಳುಗುವ ಮುಂದೆ ರೋಜಾ ಹಟ್ಟಿಯ ಬೇಲಿಯ ಹತ್ತಿರ ಬಂದು ನಿಂತಳು.

“ಮೈದನಾ, ಈ ಸಂತಿಗೆ ನನ್ನವು ಎರಡು ಕುರಿ ಹೊಡಕಂಡು ಹೋಗು.”

“ಯಾವು ಅತ್ತಿಗಿ?”

ಅವಳು ತೋರಿಸಿದಳು. ಬೀರಲಿಂಗೇಶನ ಕೈಯ ಬಡಿಗೆ ನೆಲಕ್ಕೆ ಊರಿತು. ಎರಡೂ ಗಬ್ಬದ ಕುರಿಗಳು, ಇನ್ನೇನು ತಿಂಗಳಲ್ಲಿ ಈಯುವಂಥವು. ಕುರಿ ಸಾಕುವವರ ಮನೆಯಲ್ಲಿ ಗಬ್ಬದ ಕುರಿಯನ್ನು ಸಂತೆಗೆ ಹೊಡೆಯುವುದೆಂದರೆ ಒಲೆಯ ಮೇಲಿನ ಅನ್ನ ಬೇಯುವ ಮೊದಲೇ ಮಾರಿಕೊಂಡಂತೆ.

“ಗಬ್ಬ ಅದಾವಲ್ಲ ಅತ್ತಿಗಿ. ಒಂದು ತಿಂಗಳು ತಡಿ.”

“ಅವಕ್ಕ ರೇಟು ಬರ್ತೈತಪ್ಪ. ಮಗಳ ಹಾಸ್ಟೆಲಿಗೆ ಬೇಕಾಗೈತಿ,” ಅಂದಳು ರೋಜಾ, ಬೇರೆ ಕಡೆ ನೋಡುತ್ತಾ.

ಅವಳ ಮಗಳು ಇದ್ದದ್ದು ಸರ್ಕಾರಿ ಹಾಸ್ಟೆಲಿನಲ್ಲಿ, ಅಲ್ಲಿ ದುಡ್ಡು ಕೇಳುವುದಿಲ್ಲ ಅಂತ ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಬೀರಲಿಂಗೇಶ ಹೆಂಡತಿಯ ಮುಖ ನೋಡಿದ. ಮಂಜಮ್ಮ ಹಟ್ಟಿಯಲ್ಲಿ ಹಿಕ್ಕೆ ಗುಡಿಸುತ್ತಿದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಬೇರೆ ದಿನವಾಗಿದ್ದರೆ, ಗಬ್ಬದ ಕುರಿ ಮಾರ್ತಿ, ತಲಿ ನೆಟ್ಟಗ ಐತೇನು ಅಂತ ಊರು ಕೇಳುವಂತೆ ಕೂಗಿರುತ್ತಿದ್ದಳು. ಆ ದಿನ ಏನೂ ಅನ್ನಲಿಲ್ಲ. ಅದನ್ನು ಕಂಡು ರೋಜಾಳೇ ಒಂದು ಗಳಿಗೆ ಬೆರಗಾದಳು, ಆಮೇಲೆ ದೊಡ್ಡದೊಂದು ಗಂಡಾಂತರ ತಪ್ಪಿದವಳಂತೆ ಹಗುರಾಗಿ ಮನೆಗೆ ಹೋದಳು.

ಸಂತೆಯ ದಿನ ಬೀರಲಿಂಗೇಶ ದುಡ್ಡು ತಂದು ಅತ್ತಿಗೆಯ ಕೈಯಲ್ಲಿಟ್ಟು ಬಂದ. ಅವಳು ಮಾರನೆಯ ದಿನವೇ ಹರಪನಹಳ್ಳಿಗೆ ಹೋಗಿ ಕಂತು ಕಟ್ಟಿ ಬಂದಳು. ಅವನು ಅವತ್ತು ಉಣ್ಣಲಿಲ್ಲ. ಮಂಜಮ್ಮ ರೊಟ್ಟಿ ಬಡಿದು ತಟ್ಟೆಯಲ್ಲಿ ಹಾಕಿದಳು, ಆರಿದ ಮೇಲೆ ತೆಗೆದಳು. ಬೈಯಲಿಲ್ಲ. ಆ ಮನೆಯಲ್ಲಿ ಅಷ್ಟು ದಿನ ಯಾರೂ ಯಾರನ್ನೂ ಬೈಯದೆ ಇದ್ದದ್ದು ಅದೇ ಮೊದಲು, ಮತ್ತು ಅದಕ್ಕಿಂತ ಕೆಟ್ಟ ದಿನಗಳನ್ನು ಇಬ್ಬರೂ ಕಂಡಿರಲಿಲ್ಲ.

ತಿಂಗಳಾದ ಮೇಲೆ ಸುಕನ್ಯಾ ಫೋನು ಮಾಡಿದಳು. ಬೈಕಿನ ಸಾಲ ಬೀರಲಿಂಗೇಶನ ರಿಪೋರ್ಟಿನಿಂದ ಹೋಗಿತ್ತು. ಸ್ಕೋರು ಏರಿತ್ತು. ಮ್ಯಾನೇಜರು ಈ ಸಲ ಕುರ್ಚಿ ತೋರಿಸಿ ಕೂರಿಸಿದರು. ಸಾಲ ಮಂಜೂರಾಯಿತು, ಅರುಣಕುಮಾರರ ಗಾಡಿ ಇವರ ಮನೆ ಮುಂದೆ ಬಂದು ನಿಂತಿತು. ನಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆದು, ಊರಿಗೆ ಮಂಡಕ್ಕಿ ಹಂಚಿದರು. ಎಲ್ಲರ ಮುಂದೆ ಮಂಜಮ್ಮ ನಕ್ಕಳು. ಗಂಡ ಮಾತ್ರ, “ಈಗರ ಹೇಳು,” ಅಂದ.

ಅವಳು ಹಳೆಯದು, ಹೊಸದು ಎರಡು ರಿಪೋರ್ಟನ್ನೂ ಸೆರಗಿನಲ್ಲಿಟ್ಟುಕೊಂಡು ಮಧ್ಯಾಹ್ನ ರೋಜಾಳ ಮನೆಗೆ ಹೋದಳು. ರೋಜಾ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

“ಅಕ್ಕಾ, ಬೈಕಿನ ಸಾಲ ನಂಗ ಗೊತ್ತಾಗೈತಿ.”

ಮೊರ ನಿಂತಿತು. ರೋಜಾ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತಳು. ಮಂಜಮ್ಮ ಕಾಗದ ಬಿಚ್ಚಿ, ಸುಕನ್ಯಾ ತೋರಿಸಿದಂತೆಯೇ ಬೆರಳಿಟ್ಟು ತೋರಿಸಿದಳು. ಇಬ್ಬರು ಬೀರರು ಒಬ್ಬನಾದದ್ದು, ಚೌಕಗಳು ಏರಿದ್ದು, ಇಳಿದದ್ದು, ಜಾಮೀನಿನ ಕಡೆ ಯಾರ ಹೆಸರೂ ಇಲ್ಲದ್ದು.

“ಎಲ್ಲೂ ನಿನ್ನ ಸಹಿ ಇಲ್ಲಕ್ಕ. ನಿನ್ನನ್ನ ಯಾರೂ ಕೇಳಂಗಿಲ್ಲ. ಸತ್ತ ಸರ್ಟಿಫಿಕೇಟ್ ತಗಂಡು ನಾವು ದಾವಣಗೆರೆಗೆ ಹೋಗಿ ಬರೋಣ. ಇನ್ನ ಒಂದು ರೂಪಾಯಿನೂ ಕಟ್ಟಬ್ಯಾಡ.”

ರೋಜಾ ಕಾಗದವನ್ನೇ ನೋಡಿದಳು. “ಇಷ್ಟು ದಿನಾನೂ ಕಟ್ಟೋದು ಬ್ಯಾಡಾಗಿತ್ತೇನು?”

“ಬ್ಯಾಡಾಗಿತ್ತು.” ಅಲ್ಲಿಯವರೆಗೆ ತಡೆದುಕೊಂಡಿದ್ದ ಮಂಜಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ನುಗ್ಗಿ ಬಂದವು. “ಒಬ್ಬಾಕೀನ ಯಾಕ ಇಷ್ಟು ಒದ್ದಾಡಿದಿ? ಕಂಪನಿಯೋರಿಗೆ ಅಷ್ಟ್ಯಾಕ ಅಂಜಿದಿ? ಗ್ವಾಡಿ ಈ ಕಡೆ ನಾ ಸತ್ತಿದ್ನೇನು? ನನ್ನ ಕಿವ್ಯಾಗ ಒಂದು ಮಾತು ಹಾಕಿದ್ರ ಆಗ್ತಿರಲಿಲ್ಲೇನು?”

“ಕಂಪನಿಗೆ ಅಂಜಿ ಕಟ್ಟಲಿಲ್ಲ ಮಂಜಿ,” ಅಂದಳು ರೋಜಾ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ನಿನ್ನ ಬಾಯಿಗೆ ಅಂಜಿ ಕಟ್ಟಿದೆ. ಬಿಟ್ಟಿದ್ರ ವಸೂಲಿಯೋರು ಮನಿ ಬಾಗಿಲಿಗೆ ಬರ್ತಿದ್ರು. ಅವ್ರು ಕೈಯಾಗ ರೊಕ್ಕ ಎಣಿಸಿ ತಂದೀನಿ ಅಂತ ಊರ ಮುಂದ ಹೇಳಿ ಸತ್ರು. ಸಾಲದ ಗಾಡಿ ತಂದು ಹಮ್ಮು ಬಡಿದ, ಅದರ ಮ್ಯಾಲೇ ಹೋದ ಅಂತ ಮೊದಲು ಅನ್ನಾಕೀನ ನೀನು. ಆಮ್ಯಾಲ ಊರೆಲ್ಲ ಅಂತಿತ್ತು. ನನ್ನ ಮಗಳು ಅದನ್ನ ಕೇಳಬೇಕಾಗ್ತಿತ್ತು.”

ಗೊತ್ತಾಗಿದ್ದರೆ ಅನ್ನುತ್ತಿದ್ದಳು. ಆ ಮಾತು ಹೇಗೆ ಅನ್ನುತ್ತಿದ್ದಳು, ಯಾರ ಕಟ್ಟೆಯ ಮೇಲೆ ಕೂತು ಅನ್ನುತ್ತಿದ್ದಳು ಎಂಬುದು ಕೂಡ ಮಂಜಮ್ಮನ ಕಣ್ಣ ಮುಂದೆ ಬಂತು. ಇಲ್ಲ ಅನ್ನಲು ಅವಳಿಂದಾಗಲಿಲ್ಲ.

ರೋಜಾ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಮಡಿಚಿ ಅವಳ ಕೈಗೆ ಕೊಟ್ಟಳು.

“ನಿಂಗ ಯಾವಾಗ ಗೊತ್ತಾತು ಇದು?”

ಮಂಜಮ್ಮ ಮಡಿಚಿದ ಕಾಗದವನ್ನೇ ಇನ್ನೊಮ್ಮೆ ಮಡಿಚಿದಳು.

“ಕುರಿ ಮಾರೋಕಿಂತ ಮೊದಲೋ, ಆಮ್ಯಾಲೋ?”

ಸುಳ್ಳು ಹೇಳಬಹುದಿತ್ತು. ಆಮ್ಯಾಲ ಅಂದಿದ್ದರೆ ರೋಜಾ ನಂಬುತ್ತಿದ್ದಳು.

“ಮೊದಲ,” ಅಂದಳು ಮಂಜಮ್ಮ.

ರೋಜಾ ತಲೆಯಾಡಿಸಿದಳು. ಮೊ‌ರ ಮತ್ತೆ ಕೈಗೆತ್ತಿಕೊಂಡು ಜೋಳ ಹಸನು ಮಾಡತೊಡಗಿದಳು. ಮಂಜಮ್ಮ ಅಲ್ಲೇ ಕೂತು ಬೈಗುಳಕ್ಕಾಗಿ ಕಾದಳು, ಬಹಳ ಹೊತ್ತು ಕಾದಳು. ರೋಜಾ ಒಂದು ಮಾತೂ ಅನ್ನಲಿಲ್ಲ.